ದಾರಿ ಕೇಳಿದ್ದು ಅವರು, ಹೇಳಿದ್ದು ನಾಯಿಗೆ

ಕಣ್ಣು ಕಾಣದವರೊಬ್ಬರು ತಮ್ಮ ನಾಯಿ ಜೊತೆ ನಿಂತು 'ಸ್ಟೇಷನ್ ಯಾವ ಕಡೆ?' ಅಂತ ಕೇಳುತ್ತಾರೆ. ಎದುರಿಗಿದ್ದವರು ಬಗ್ಗಿ ನಾಯಿಗೆ ಹೇಳುತ್ತಾರೆ: 'ಸೀದಾ ಹೋಗು ಪುಟ್ಟಾ, ಆಮೇಲೆ ಎಡಕ್ಕೆ.' ಬ್ರಿಟನ್, ಅಮೆರಿಕಗಳಲ್ಲಿ ಮಾರ್ಗದರ್ಶಿ ನಾಯಿ ಇರುವವರಿಗೆ ಇದು ಹಳೇ ಜೋಕು.

ನಾಯಿಗೆ ಸ್ಟೇಷನ್ ಅಂದರೇನು ಗೊತ್ತು? ಎಡ, ಬಲ, ಮುಂದೆ ಅನ್ನುವುದು ಮನುಷ್ಯ. ಕಂಬ, ಗುಂಡಿ ತಪ್ಪಿಸುವುದು, ಮೆಟ್ಟಿಲ ಹತ್ತಿರ ನಿಲ್ಲುವುದು ನಾಯಿ. ಅದು ಸಿಗ್ನಲ್ ನೋಡಿ ರಸ್ತೆ ದಾಟಿಸುವುದೂ ಇಲ್ಲ. ಕೆಂಪು, ಹಸಿರು ಬಣ್ಣದ ವ್ಯತ್ಯಾಸ ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ವಾಹನಗಳ ಸದ್ದು ಕೇಳಿ 'ಮುಂದೆ' ಅನ್ನುವುದು ಮನುಷ್ಯನ ಕೆಲಸ. ಆದರೆ ಕಾರು ನುಗ್ಗಿ ಬರುತ್ತಿದ್ದರೆ ಎಷ್ಟು ಹೇಳಿದರೂ ನಾಯಿ ಕದಲದು. ಮಾತು ಮೀರುವುದನ್ನೂ ಅದಕ್ಕೆ ಕಲಿಸಿರುತ್ತಾರೆ.

ಹಾಗಿದ್ದರೂ ಜನ ಮಾತಾಡುವುದು ನಾಯಿ ಜೊತೆ. ಯಾಕೆ? ನನಗನ್ನಿಸುವುದು, ಇದು ಕಣ್ಣಿನ ಆಟ. ಅಪರಿಚಿತರ ಜೊತೆ ಮಾತು ಶುರುವಾಗುವ ಮೊದಲು ಕಣ್ಣಿಗೆ ಕಣ್ಣು ಸೇರಬೇಕು, ಅಲ್ವಾ? ಇಲ್ಲಿ ಅದು ಮನುಷ್ಯನಿಂದ ಸಿಗುವುದಿಲ್ಲ, ನಾಯಿಯಿಂದ ಧಾರಾಳವಾಗಿ ಸಿಗುತ್ತದೆ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅಷ್ಟಾಗಿ ಇಲ್ಲ ಎಂದು 2019ರ ಅಧ್ಯಯನವೊಂದು ತೋರಿಸಿತು. ಕರುಳು ಚುರುಕ್ ಅನ್ನಿಸುವ ಆ ನೋಟ ಬರುವುದು ಅಲ್ಲಿಂದಲೇ. ಜೊತೆಗಿರುವ ಒಡೆಯನಿಗೆ ಅದು ಕಾಣದು. ದಾರಿಯಲ್ಲಿ ಹೋಗುವವರು ಮಾತ್ರ ಸೋತುಹೋಗುತ್ತಾರೆ!

ಹಾಗಂತ ಬರೀ ಕಿರಿಕಿರಿ ಅಲ್ಲ. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಯಾರ ಗಮನವನ್ನೂ ಸೆಳೆಯದಂತೆ ಪಳಗಿಸಿದ ನಾಯಿಯನ್ನು ಜೊತೆಗೆ ಕರೆದೊಯ್ದು ನೋಡಿದ್ದರು. ಆಗಲೂ ಅಪರಿಚಿತರು ಮಾತಾಡಿಸುವುದು ಹೆಚ್ಚಿತ್ತು ಅಂತ 2000ದಲ್ಲಿ ಪ್ರಕಟಿಸಿದರು. ನಾಯಿ ಜೊತೆಗಿದ್ದರೆ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಒಂದು ಹಳೇ ಕಥೆಯೂ ಇದೆ. 1928ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಮೋರಿಸ್ ಫ್ರ್ಯಾಂಕ್ ಅನ್ನುವ 20 ವರ್ಷದ ಹುಡುಗ ನಾಯಿ ತರಲು ಸ್ವಿಟ್ಜರ್ಲೆಂಡಿಗೆ ಹೊರಟಾಗ, ಕುರುಡನೆಂದು ಅವನನ್ನು ಪಾರ್ಸೆಲ್ ಲೆಕ್ಕದಲ್ಲಿ ಕಳಿಸಿದ್ದರು. ವಾಪಸ್ ಬಂದಾಗ ಬಡ್ಡಿ ಅನ್ನುವ ಜರ್ಮನ್ ಶೆಫರ್ಡ್ ಜೊತೆಗಿತ್ತು. ನ್ಯೂಯಾರ್ಕಿನಲ್ಲಿ ಪತ್ರಕರ್ತರ ಕಣ್ಣೆದುರೇ, ವಾಹನ ತುಂಬಿದ ರಸ್ತೆ ದಾಟಿ ತೋರಿಸಿದ. ಮುಂದಿನ ವರ್ಷವೇ ಅಮೆರಿಕದಲ್ಲಿ ಇಂಥ ನಾಯಿಗಳ ಶಾಲೆ ಶುರುವಾಯಿತು.

ತೊಂದರೆ ಇರುವುದು ಹಾರ್ನೆಸ್, ಅಂದರೆ ನಾಯಿಯ ಮೈಗೆ ಕಟ್ಟುವ ಹಿಡಿಯಿರುವ ಪಟ್ಟಿ, ಹಾಕಿದಾಗ. ನಾಯಿಯ ಬೆನ್ನ ಮೇಲಿನ ಆ ಗಟ್ಟಿ ಹಿಡಿಯ ಮೂಲಕವೇ ಕೈಗೆ ಎಲ್ಲ ತಿಳಿಯಬೇಕು: ನಡಿಗೆ ನಿಧಾನವಾಯಿತು, ಬಲಕ್ಕೆ ವಾಲಿತು, ನಿಂತಿತು. ಯಾರೋ 'ಚ್ ಚ್' ಅಂದರೆ ಹಿಡಿ ತಟ್ಟನೆ ಪಕ್ಕಕ್ಕೆ ಎಳೆಯುತ್ತದೆ. ಅದು ಗುಂಡಿಯೋ, ಸುಮ್ನೆ ಯಾರದೋ ಪ್ರೀತಿಯೋ ಹೇಗೆ ತಿಳಿಯಬೇಕು? ಬಿಸ್ಕತ್ತು ಇನ್ನೂ ಕೆಟ್ಟದ್ದು. ಯಾವಾಗಲೋ ಒಮ್ಮೆ ಸಿಗುವ ತಿಂಡಿಯ ಆಸೆ, ದಿನಾ ಸಿಗುವ ತಿಂಡಿಯ ಆಸೆಗಿಂತ ಬಿಡಿಸಲು ಕಷ್ಟ. ಒಂದೆರಡು ಸಲ ಕೊಟ್ಟರೂ ಸಾಕು, ನಾಯಿ ದಾರಿ ಬಿಟ್ಟು ಜನರ ಕೈ ನೋಡತೊಡಗುತ್ತದೆ.

ಹಾಗಂತ ಎಲ್ಲರ ಮೇಲೂ ರೇಗಲಾದೀತೇ? ಅದಕ್ಕೇ ಕೆಲವರು ಒಂದು ಉಪಾಯ ಮಾಡಿಕೊಂಡಿದ್ದಾರೆ. 'ಅಯ್ಯೋ ಎಷ್ಟು ಮುದ್ದಾಗಿದೆ, ಹೆಸರೇನು?' ಅಂತ ಯಾರಾದರೂ ಕೇಳಿದರೆ ನಗುತ್ತಾ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ. ಅವರು ಆ ಹೆಸರು ಹಿಡಿದು ಎಷ್ಟೇ ಕೂಗಲಿ, ನಾಯಿ ತಿರುಗಿಯೂ ನೋಡುವುದಿಲ್ಲ.