ಹ್ಯಾರಿ ಬದುಕಿದ್ದು ಬರೀ ತಾಯಿಪ್ರೀತಿಯಿಂದಲ್ಲ

ಪ್ರಶ್ನೆ: ಹ್ಯಾರಿ ಪಾಟರ್ ಬದುಕಿದ್ದು ಅಮ್ಮನ ಪ್ರೀತಿಯಿಂದ ಅಂತಾರೆ. ಹಾಗಾದರೆ ಅಪ್ಪನ ಪ್ರೀತಿ ಕಡಿಮೆಯಾಗಿತ್ತಾ?

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆಯೂ ಬಂತು. ಜೆ.ಕೆ. ರೌಲಿಂಗ್ ಕಾದಂಬರಿಗಳಲ್ಲಿ ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್ ಹ್ಯಾರಿಯ ಅಪ್ಪ ಅಮ್ಮನನ್ನು ಕೊಲ್ಲುತ್ತಾನೆ, ಕೂಸು ಹ್ಯಾರಿಯನ್ನು ಮಾತ್ರ ಕೊಲ್ಲಲಾಗುವುದಿಲ್ಲ. ಮೈಸೂರಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮಂಡ್ಯದಿಂದ ಇನ್ನೊಬ್ಬರು ಕೇಳಿರುತ್ತಾರೆ. ಅಪ್ಪ ಜೇಮ್ಸ್‌ನ ಪ್ರೀತಿ ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ.

ಮೊದಲು "ತಾಯಿಪ್ರೀತಿಯ ಮುಂದೆ ಯಾವ ಮಂತ್ರವೂ ನಡೆಯಲ್ಲ" ಅನ್ನುವ ಮಾತು ಬಿಡಿ. ನಮ್ಮ ಕಡೆ ಮಗು ರಚ್ಚೆ ಹಿಡಿದರೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಅಕ್ಕರೆ ಇದ್ದಲ್ಲಿ ರಕ್ಷೆ ತಾನಾಗಿ ಇರುತ್ತದೆ ಎಂಬ ಆ ನಂಬಿಕೆಯಲ್ಲೇ ಈ ಕಥೆಯನ್ನೂ ಓದಿಬಿಡುತ್ತೇವೆ. ಏಳನೇ ಪುಸ್ತಕ ತೆಗೆಯಿರಿ. ಮಂತ್ರದಂಡ ತಯಾರಿಸುವ ಗ್ರೆಗೊರೊವಿಚ್‌ನನ್ನು ಹುಡುಕಿಕೊಂಡು ವೋಲ್ಡೆಮಾರ್ಟ್ ಒಂದು ಮನೆಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆಗೆದ ಹೆಂಗಸು ಹಿಂದಿದ್ದ ಮಕ್ಕಳಿಗೆ ಅಡ್ಡವಾಗಿ ಎರಡೂ ಕೈ ಚಾಚುತ್ತಾಳೆ. ಆ ಕೈಗಳು ಅವಳನ್ನು ಉಳಿಸಲಿಲ್ಲ. ಅವಳದೂ ತಾಯಿಪ್ರೀತಿಯೇ ಅಲ್ಲವೇ?

ಹ್ಯಾರಿಯ ಅಮ್ಮ ಲಿಲಿಯ ವಿಷಯದಲ್ಲಿ ಬೇರೆಯಾಗಿದ್ದು ಒಂದೇ: ಅವಳಿಗೆ ಬದುಕುವ ದಾರಿ ತೆರೆದಿತ್ತು. ಅವಳನ್ನು ಬಿಟ್ಟುಬಿಡು ಎಂದು ವೋಲ್ಡೆಮಾರ್ಟ್‌ನ ಹಿಂಬಾಲಕ ಸ್ನೇಪ್ ಅವನನ್ನು ಮೊದಲೇ ಬೇಡಿಕೊಂಡಿದ್ದ. ಅದಕ್ಕೇ 1981ರ ಅಕ್ಟೋಬರ್ 31ರ ರಾತ್ರಿ ವೋಲ್ಡೆಮಾರ್ಟ್ ಅವಳಿಗೆ ಪಕ್ಕಕ್ಕೆ ಸರಿ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಸರಿದಿದ್ದರೆ ಜೀವ ಉಳಿಯುತ್ತಿತ್ತು, ಅವಳು ಸರಿಯಲಿಲ್ಲ. ಜೇಮ್ಸ್‌ಗೆ ಅಂಥ ಅವಕಾಶ ಯಾರೂ ಕೊಡಲಿಲ್ಲ. ಮಂತ್ರದಂಡ ಸೋಫಾ ಮೇಲೆಯೇ ಉಳಿದಿತ್ತು. ಹೆಂಡತಿಗೆ ಮಗುವನ್ನು ಎತ್ತಿಕೊಂಡು ಓಡಲು ಹೇಳಿ, ಬರಿಗೈಯಲ್ಲಿ ಬಾಗಿಲಿಗೆ ಹೋದ. ಹೋಗದಿದ್ದರೂ ಸಾಯುವವನೇ. ಆ ಮಾಯೆ ನೋಡುವುದು ಪ್ರೀತಿ ಎಷ್ಟಿತ್ತು ಎಂದಲ್ಲ, ಬದುಕಬಹುದಾಗಿದ್ದವರು ತಾವಾಗಿ ಜೀವ ಕೊಟ್ಟರೇ ಎಂದು. ಇದನ್ನು ಹಿಡಿದರೆ ಕೊನೆಯ ಯುದ್ಧವೂ ಬಿಡಿಸಿಕೊಳ್ಳುತ್ತದೆ: ಹ್ಯಾರಿ ತಪ್ಪಿಸಿಕೊಳ್ಳದೆ, ಸಾಯಲು ಸಿದ್ಧನಾಗಿ ಕಾಡಿಗೆ ನಡೆದುಹೋದ ಮೇಲೆ, ಅವನ ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್‌ನವರ ಮೇಲೆ ವೋಲ್ಡೆಮಾರ್ಟ್‌ನ ಮಂತ್ರಗಳು ನಾಟುವುದೇ ಇಲ್ಲ.

ದೊಡ್ಡಮ್ಮ ಪೆಟೂನಿಯಾಗೆ ಅಕ್ಕರೆ ಇಲ್ಲದಿದ್ದರೂ ರಕ್ಷೆ ಮುಂದುವರಿದದ್ದು ರಕ್ತಸಂಬಂಧದಿಂದ. ಅವಳು ಮಗುವನ್ನು ಮನೆಗೆ ಸೇರಿಸಿಕೊಂಡಳು, ಹಾಗ್ವಾರ್ಟ್ಸ್ ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ಗೆ ಅಷ್ಟು ಸಾಕಾಯಿತು. ಹ್ಯಾರಿ ಅದನ್ನು ತನ್ನ ಮನೆ ಎನ್ನಬೇಕು, ವರ್ಷಕ್ಕೊಮ್ಮೆಯಾದರೂ ಮರಳಬೇಕು. 17 ತುಂಬಿದೊಡನೆ ಎಲ್ಲ ಮುಗಿಯಿತು.

ಯಾರೂ ಕೇಳದ್ದನ್ನೂ ಹೇಳಿಬಿಡುತ್ತೇನೆ. ಹ್ಯಾರಿ ಹುಟ್ಟಿದ ಜುಲೈ ಕೊನೆಯಲ್ಲೇ ಹುಟ್ಟಿದ ಸಹಪಾಠಿ ನೆವಿಲ್‌ನ ಅಪ್ಪ ಅಮ್ಮ ಸಾಯಲಿಲ್ಲ. ಚಿತ್ರಹಿಂಸೆಗೆ ಬುದ್ಧಿ ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಅವರ ಪ್ರೀತಿಯಿಂದ ಯಾವ ರಕ್ಷೆಯೂ ಹುಟ್ಟಲಿಲ್ಲ. ಐದನೇ ಪುಸ್ತಕದಲ್ಲಿ ಅಮ್ಮ ಆಲಿಸ್ ನಿಧಾನವಾಗಿ ನಡೆದು ಬಂದು ಮಗನ ಕೈಗೆ ಏನನ್ನೋ ಇಡುತ್ತಾಳೆ: ಬಬಲ್‌ಗಮ್‌ನ ಖಾಲಿ ಕಾಗದ. ಇಂಥವು ಎಷ್ಟೋ ಕೊಟ್ಟಿದ್ದಾಳೆ, ಬುಟ್ಟಿಗೆ ಹಾಕು ಎನ್ನುತ್ತಾರೆ ಅಜ್ಜಿ. ನೆವಿಲ್ ಅದನ್ನು ಜೇಬಿಗೆ ಸೇರಿಸಿಕೊಳ್ಳುತ್ತಾನೆ.