ಪಶ್ಚಿಮ ಘಟ್ಟದ ಪೊದೆಗಪ್ಪೆಗಳು: ಸೀಸೆಯ ಚೀಟಿಯಿಂದ ಕೂಗಿನ ನಕ್ಷೆಯವರೆಗೆ

1876ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಲ್ಬರ್ಟ್ ಗುಂಥರ್ ಒಂದು ಪುಟ್ಟ ಕಪ್ಪೆಗೆ ‘ಚಲಜೋಡಿಸ್’ ಎಂಬ ಜಾತಿನಾಮ ಕೊಟ್ಟರು. ಅದು ಸಿಕ್ಕ ಜಾಗ ಯಾವುದೆಂದರೆ ‘ತಿರುವಾಂಕೂರು’, ಅಷ್ಟೇ. ಯಾವ ಬೆಟ್ಟ, ಎಷ್ಟು ಎತ್ತರ, ಮರದ ಮೇಲೋ ನೆಲದ ಮೇಲೋ ಎಂಬ ವಿವರವಿಲ್ಲ. ಆಮೇಲೆ ನೂರು ವರ್ಷಕ್ಕೂ ಮೀರಿ ವಿಜ್ಞಾನಿಗಳ ಕಣ್ಣಿಗೆ ಅದು ಬೀಳಲೇ ಇಲ್ಲ. ಮತ್ತೆ ಸಿಕ್ಕಿದ್ದು ಈ ಶತಮಾನದಲ್ಲಿ. ಅದು ಗೂಡು ಮಾಡುವುದು ವಾಟೆ ಬಿದಿರಿನ ಗೆಣ್ಣುಗಳ ನಡುವಿನ ಪೊಳ್ಳಿನಲ್ಲಿ ಎಂದು ತಿಳಿದುಬಂದಿತು. ಸಣ್ಣ ಸೀಳಿನಿಂದ ಒಳಗೆ ನುಸುಳಿ, ಗಂಡು ಅಲ್ಲೇ ಕೂತು ಕೂಗುತ್ತದೆ, ಮೊಟ್ಟೆಯನ್ನೂ ಕಾಯುತ್ತದೆ. ಟಾರ್ಚ್ ಹಿಡಿದು ಎಲೆಗಳನ್ನಷ್ಟೇ ಹುಡುಕುವವರಿಗೆ ಅದು ಸಿಗುವುದಾದರೂ ಹೇಗೆ?

ಘಟ್ಟದ ಕಪ್ಪೆಗಳ ಹಂಚಿಕೆಯ ಬಗ್ಗೆ ಬಹಳ ಕಾಲ ಇದ್ದ ಗೊಂದಲದ ಮೂಲ ಇಲ್ಲಿದೆ. ಕಪ್ಪೆಗಳನ್ನು ಮೊದಮೊದಲು ವರ್ಣಿಸಿದ ಜೆರ್ಡನ್, ಬೆಡ್ಡೋಮ್, ಬೌಲೆಂಜರ್ ಅವರ ಕಾಲದಲ್ಲಿ ಕಪ್ಪೆಯೆಂದರೆ ಮದ್ಯಸಾರದಲ್ಲಿ ಬಣ್ಣ ಕಳೆದುಕೊಂಡ ದೇಹ. ಬೆರಳಿನ ಜಾಲ, ಚರ್ಮದ ಗಂಟು, ಕಾಲಿನ ಉದ್ದ ನೋಡಿ ಜಾತಿ ನಿರ್ಧರಿಸುತ್ತಿದ್ದರು. ಎರಡು–ಮೂರು ಸೆಂಟಿಮೀಟರಿನ ಪೊದೆಗಪ್ಪೆಗಳಲ್ಲಿ ಈ ಲಕ್ಷಣಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಹತ್ತು ಜಾತಿ ಒಂದೇ ಹೆಸರಿನಡಿ ಸೇರಿ, ‘ಘಟ್ಟದುದ್ದಕ್ಕೂ ಇದೆ’ ಎಂದು ದಾಖಲಾಗುತ್ತಿತ್ತು.

ಊರಿನ ಹೆಸರನ್ನು ಮುತುವರ್ಜಿಯಿಂದ ಬರೆದಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್. ಅವರ 1937ರ ಪ್ರಬಂಧದಿಂದ ಕೆಂಪುಹೊಳೆ, ಕೊಟ್ಟಿಗೆಹಾರಗಳ ಹೆಸರುಗಳು ಕಪ್ಪೆಗಳ ವೈಜ್ಞಾನಿಕ ನಾಮದಲ್ಲೇ ಉಳಿದವು. ಆದರೆ ಅವರು ಇಟ್ಟಿದ್ದ ಮೂಲ ಮಾದರಿಗಳೇ ಕಳೆದುಹೋದವು. ಇದು ದೊಡ್ಡ ನಷ್ಟ. ಊರಿನ ಹೆಸರಾದರೂ ಉಳಿದದ್ದರಿಂದ ನಂತರದವರು ಅದೇ ಹಳ್ಳ, ಅದೇ ಕಾಡಿಗೆ ಹೋಗಿ ಮತ್ತೆ ಹುಡುಕಲು ಸಾಧ್ಯವಾಯಿತು. 2010ರಲ್ಲಿ ಇಲ್ಲಿನ ಪೊದೆಗಪ್ಪೆಗಳನ್ನು ಪ್ರತ್ಯೇಕ ಕುಲವಾಗಿ ಬೇರ್ಪಡಿಸಿದಾಗ ಅದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಇಟ್ಟರು.

ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವಿಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಕೆರೆ, ಹಳ್ಳ ಬೇಡ. ಆದರೆ ಮೊಟ್ಟೆ ಒಣಗದಷ್ಟು ತೇವ ವಾರಗಟ್ಟಲೆ ಬೇಕೇ ಬೇಕು. ಆದ್ದರಿಂದಲೇ ಶೋಲೆಗಳಲ್ಲಿ, ಅಂದರೆ ಅರಣ್ಯ ವರ್ಗೀಕರಣದಲ್ಲಿ ಸಮಶೀತೋಷ್ಣ ವಲಯದ ತೇವ ಬೆಟ್ಟಗಾಡು ಎನಿಸಿಕೊಂಡ ಎತ್ತರದ ಕಾಡುಗಳಲ್ಲಿ ಇವು ಹುಲುಸಾಗಿವೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ನಡುವಿನ ಒಣ, ಬಿಸಿ ಕಣಿವೆ ಬಿಡುವುದಿಲ್ಲ. ಸುಮಾರು 30 ಕಿ.ಮೀ. ಅಗಲದ ಪಾಲಕ್ಕಾಡ್ ಕಣಿವೆಯ ಆಚೆಗೆ ಬೇರೆ ಜಾತಿಗಳು, ಈಚೆಗೆ ಬೇರೆ. 2014ರಲ್ಲಿ ಒಂದೇ ಪ್ರಬಂಧದಲ್ಲಿ ಒಂಬತ್ತು ಹೊಸ ಪೊದೆಗಪ್ಪೆಗಳು ವರ್ಣಿತವಾದವು. ಅವುಗಳಲ್ಲೊಂದಾದ ‘ಇಂಡಿಗೊ’ ಕುದುರೆಮುಖದ ಎತ್ತರದ್ದು.

ಹೋಲುವ ದೇಹಗಳನ್ನು ಬಿಡಿಸಲು ಕೂಗು ನೆರವಾಯಿತು. ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತಿಸುವುದು ಆ ಕರೆಯಿಂದಲೇ. ಮಿತ್ಸುರು ಕುರಾಮೊಟೊ ಮತ್ತು ಹರೀಶ್ ಜೋಶಿ 2001ರಲ್ಲಿ ನೈಋತ್ಯ ಭಾರತದ ಕಪ್ಪೆಗಳ ಕರೆಗಳ ರಚನೆಯನ್ನು ಪ್ರಕಟಿಸಿದರು. 2017ರಲ್ಲಿ ವರ್ಣಿತವಾದ ಕಿರು ಇರುಳುಗಪ್ಪೆಗಳು ಒಂದೂವರೆ ಸೆಂಟಿಮೀಟರಿನ ಆಸುಪಾಸಿನವು. ಅವುಗಳ ದನಿ ಹುಳುವಿನಂತೆ ಕೇಳುವುದರಿಂದಲೂ ಅಷ್ಟು ದಿನ ಗಮನಕ್ಕೆ ಬಂದಿರಲಿಲ್ಲ.

ಕೂಗನ್ನು ಸಾಕ್ಷ್ಯವಾಗಿಸಲು ಶಿಸ್ತು ಬೇಕು. ಮೈಕ್ ಕಪ್ಪೆಯಿಂದ ಅರ್ಧದಿಂದ ಒಂದು ಮೀಟರ್ ದೂರದಲ್ಲಿರಲಿ. ದೂರವಾದಷ್ಟೂ ಪಕ್ಕದ ಗಂಡುಗಳ ದನಿ ಬೆರೆತು ಸ್ವರಗಳ ನಡುವಿನ ಅಂತರವನ್ನು ಅಳೆಯಲಾಗುವುದಿಲ್ಲ. ಬೆಳಕು ಬಿದ್ದೊಡನೆ ಬಾಯಿ ಮುಚ್ಚುವ ಕಪ್ಪೆಗಾಗಿ ಟಾರ್ಚ್ ಆರಿಸಿ ಐದು–ಹತ್ತು ನಿಮಿಷ ಕಾಯಬೇಕು. ವೇವ್ ಕಡತ, 44.1 ಕಿಲೋಹರ್ಟ್ಸ್, 16 ಬಿಟ್ ಇದ್ದರೆ ಸಾಕು. ಮೊಬೈಲಿನಲ್ಲಾದರೆ ಗದ್ದಲ ತಗ್ಗಿಸುವ ಮತ್ತು ದನಿಮಟ್ಟವನ್ನು ತಾನೇ ಹೊಂದಿಸುವ ಸೌಲಭ್ಯಗಳನ್ನು ಆಫ್ ಮಾಡಿ. ಇಲ್ಲದಿದ್ದರೆ ಅವು ಸ್ವರದ ಏರಿಳಿತವನ್ನೇ ತಿದ್ದಿಬಿಡುತ್ತವೆ. ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಜಾಸ್ತಿಯಾದರೆ ಅಲೆಯ ತುದಿ ಕತ್ತರಿಸಿಹೋಗಿ, ಇಲ್ಲದ ಆವರ್ತನಗಳು ಕೂಗಿನ ಆವರ್ತನಗಳನ್ನು ತೋರಿಸುವ ನಕ್ಷೆಯಲ್ಲಿ ಕಾಣಿಸಿಕೊಳ್ಳುತ್ತವೆ.

ಎಲ್ಲರೂ ಮರೆಯುವುದು ಉಷ್ಣಾಂಶವನ್ನು. ಕಪ್ಪೆ ಶೀತರಕ್ತದ ಪ್ರಾಣಿ. ಚಳಿ ಹೆಚ್ಚಿದಂತೆ ಅದರ ಸ್ನಾಯು ನಿಧಾನವಾಗಿ ಕೆಲಸ ಮಾಡುತ್ತದೆ, ಕರೆಯ ಮಿಡಿತಗಳ ವೇಗವೂ ಇಳಿಯುತ್ತದೆ. ತಪ್ಪಲಿನ ಬೆಚ್ಚನೆಯ ರಾತ್ರಿಯ ಕೂಗನ್ನು ಎತ್ತರದ ಚಳಿರಾತ್ರಿಯ ಕೂಗಿನೊಂದಿಗೆ ಹಾಗೆಯೇ ಹೋಲಿಸಿದರೆ ಒಂದೇ ಜಾತಿ ಎರಡಾಗಿ ಕಾಣುತ್ತದೆ. ಮೈಗಾತ್ರವೂ ಅಷ್ಟೇ ಮುಖ್ಯ: ದೊಡ್ಡ ಗಂಡಿನ ದನಿ ಸಾಮಾನ್ಯವಾಗಿ ತಗ್ಗು, ಚಿಕ್ಕದರದು ಕೀಚಲು. ಆದ್ದರಿಂದ ಕಪ್ಪೆ ಕೂತಿದ್ದ ಜಾಗದ ಉಷ್ಣಾಂಶ, ಆರ್ದ್ರತೆ, ಎತ್ತರ, ಮೂತಿಯಿಂದ ಗುದದವರೆಗಿನ ಉದ್ದ ಇಷ್ಟನ್ನು ಧ್ವನಿಮುದ್ರಣದ ಜೊತೆಯಲ್ಲೇ ಬರೆದಿಡಬೇಕು. ಹೆಣ್ಣನ್ನು ಕರೆಯುವ ಕೂಗು ಬೇರೆ, ಜಾಗಕ್ಕೆ ನುಗ್ಗಿದ ಗಂಡನ್ನು ಬೆದರಿಸುವ ಕೂಗು ಬೇರೆ. ಹೋಲಿಸುವಾಗ ಒಂದೇ ಬಗೆಯವನ್ನು ಹೋಲಿಸಬೇಕು.

ತೊರೆಯ ಪಕ್ಕ ಕೂಗೊಂದೇ ಸಾಲದು. ನೀರಿನ ಭೋರ್ಗರೆತದ ನಡುವೆ ‘ನರ್ತಿಸುವ ಕಪ್ಪೆ’ಗಳು ಕೂಗುತ್ತಲೇ ಹಿಂಗಾಲನ್ನು ಚಾಚಿ ಬೀಸಿ ಎದುರಾಳಿಗೆ ಸನ್ನೆ ಮಾಡುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನದ ತೊರೆಯಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಇಷ್ಟೆಲ್ಲ ಇದ್ದೂ ಹೆಸರುಗಳು ಸ್ಥಿರವಲ್ಲ. 2003ರಲ್ಲಿ ಕುರಾಮೊಟೊ ಮತ್ತು ಜೋಶಿ ಕೊಡಗಿನಿಂದ ‘ಲುಟಿಯೋಲಸ್’ ಎಂಬ ಹಳದಿ ಪೊದೆಗಪ್ಪೆಯನ್ನು ವರ್ಣಿಸಿದ್ದರು. 2007ರಲ್ಲಿ ಶರಾವತಿ ಕಣಿವೆಯಿಂದ, ಕಣ್ಣಿನ ಸುತ್ತ ನೀಲಿ ಉಂಗುರವಿರುವ ‘ನೀಲನೇತ್ರಸ್’ ಬಂದಿತು. ಮುಂದೆ ಹೋಲಿಸಿ ನೋಡಿದಾಗ ಎರಡೂ ಒಂದೇ ಎಂದಾಯಿತು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ‘ನೀಲನೇತ್ರಸ್’ ಎಂಬ ಚೆಂದದ ಹೆಸರು ಬಿದ್ದುಹೋಯಿತು. ಕೊಡಗಿನದೆಂದು ಗುರುತಾಗಿದ್ದ ಕಪ್ಪೆಯ ನೆಲೆ ಶರಾವತಿಯವರೆಗೂ ಹಬ್ಬಿದೆ ಎಂಬುದು ಹಾಗೆ ಖಚಿತವಾಯಿತು.