ಇಡೀ ಪುಟದ ಶೈಲಿ ಎಲ್ಲಿರಬೇಕು: ಬಾಡಿಯಲ್ಲೋ, ರೂಟ್‌ನಲ್ಲೋ, ನಕ್ಷತ್ರದಲ್ಲೋ?

ಇಡೀ ವೆಬ್ ಪುಟಕ್ಕೆ ಅನ್ವಯಿಸುವ ಬಣ್ಣವನ್ನು ಒಂದೇ ಕಡೆ ಬರೆಯುವ ಆಸೆ, ಪುಟದ ಅಂದಚಂದವನ್ನು ನಿಗದಿಪಡಿಸುವ ಭಾಷೆಯಾದ ಸಿಎಸ್‌ಎಸ್‌ಗಿಂತ ಹಳೆಯದು. 1996ರ ಡಿಸೆಂಬರ್‌ನಲ್ಲಿ ಅದರ ಮೊದಲ ಆವೃತ್ತಿ ಅಂತಿಮವಾಗುವ ಮೊದಲೇ ಹಿನ್ನೆಲೆ ಮತ್ತು ಕೊಂಡಿಗಳ ಬಣ್ಣವನ್ನು, ಪುಟದಲ್ಲಿ ಕಾಣುವುದನ್ನೆಲ್ಲ ಸುತ್ತುವರಿದ ಬಾಡಿ ಟ್ಯಾಗಿನೊಳಗೆ ತುರುಕುವುದು ರೂಢಿಯಾಗಿತ್ತು. ಸ್ಟೈಲ್‌ಶೀಟ್ (ಸಿಎಸ್‌ಎಸ್ ನಿಯಮಗಳ ಪಟ್ಟಿ) ಬಂದಾಗ ಅದೇ ಅಭ್ಯಾಸ ಅಲ್ಲಿಗೂ ನುಸುಳಿತು. 1998ರ ಎರಡನೇ ಆವೃತ್ತಿಯೂ ಹಿನ್ನೆಲೆಯನ್ನು ಬಾಡಿಗೇ ಕೊಡಿ ಎಂದಿತು. ಬಾಡಿಯನ್ನೂ ಒಳಗೊಂಡ ಎಲ್ಲಕ್ಕಿಂತ ಹೊರಗಿನ ಎಚ್‌ಟಿಎಂಎಲ್ ಅಂಶಕ್ಕೆ ಹಿನ್ನೆಲೆ ಇಲ್ಲದಿದ್ದರೆ ಬಾಡಿಯದ್ದೇ ಕಿಟಕಿಯ ತುಂಬ ಹರಡುತ್ತದೆ.

ತೊಡಕು ಕಾಣಿಸಿದ್ದು ಕೋಷ್ಟಕಗಳಲ್ಲಿ. ಹಳೆಯ ಪುಟಗಳಿಗಾಗಿ ಬ್ರೌಸರ್‌ಗಳು ಉಳಿಸಿಕೊಂಡ ಕ್ವರ್ಕ್ಸ್ ಮೋಡ್‌ನಲ್ಲಿ ಬಾಡಿಯ ಅಕ್ಷರ ಗಾತ್ರ, ದಪ್ಪಗಳು ಕೋಷ್ಟಕದ ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ಪುಟವೆಲ್ಲ ಕೋಷ್ಟಕವೇ ಆಗಿದ್ದ ಕಾಲವದು. ಬೇಸತ್ತವರು ನಕ್ಷತ್ರ ಚಿಹ್ನೆ (*) ಹಿಡಿದರು: ಸಿಕ್ಕ ಅಂಶಕ್ಕೆಲ್ಲ ಒಂದೇ ನಿಯಮ.

ಅಂಚುಗಳನ್ನು ಸೊನ್ನೆ ಮಾಡಲು ಅದು ನಡೆಯುತ್ತದೆ, ಬಣ್ಣಕ್ಕೆ ಮಾತ್ರ ಖಂಡಿತ ಬೇಡ. ನಿಯಮಗಳು ಡಿಕ್ಕಿ ಹೊಡೆದಾಗ ಯಾವುದು ಗೆಲ್ಲಬೇಕೆಂದು ಹೇಳುವ ತೂಕ ನಕ್ಷತ್ರಕ್ಕೆ ಸೊನ್ನೆಯೇ ಆದರೂ, ನೇರವಾಗಿ ಬಂದ ಬೆಲೆ ಸುತ್ತುವರಿದ ತಾಯಿ ಅಂಶದಿಂದ ಇಳಿದುಬಂದ ಬೆಲೆಯನ್ನು ಸೋಲಿಸುತ್ತದೆ. ನಕ್ಷತ್ರಕ್ಕೆ ಕಪ್ಪು ಕೊಟ್ಟು ಒಂದು ಪ್ಯಾರಾವನ್ನು ಕೆಂಪಾಗಿಸಿ ನೋಡಿ. ಅದರೊಳಗಿನ ದಪ್ಪಕ್ಷರದ ಪದ ಕಪ್ಪಾಗಿಯೇ ಉಳಿಯುತ್ತದೆ. ಹೀಗೆ ಬೆಲೆ ತಾಯಿಯಿಂದ ಇಳಿದುಬರುವ ಆನುವಂಶಿಕತೆಯೇ ಸಿಎಸ್‌ಎಸ್‌ನ ಬಲ. ಅದನ್ನು ಕಡಿದುಹಾಕುವ ನಿಯಮವನ್ನು ಅನುಕೂಲ ಎನ್ನಲಾಗದು. 2007ರಲ್ಲಿ ಸಿಎಸ್‌ಎಸ್ ಲೇಖಕ ಎರಿಕ್ ಮೇಯರ್ ಹೊರತಂದ ರೀಸೆಟ್ (ಬ್ರೌಸರ್ ತಾನೇ ಹಚ್ಚುವ ಶೈಲಿಯನ್ನು ಅಳಿಸುವ ನಿಯಮಗಳು) ನಕ್ಷತ್ರವನ್ನು ಬಿಟ್ಟು, ಅಂಶಗಳನ್ನು ಒಂದೊಂದಾಗಿ ಹೆಸರಿಸಿತು.

ರೆಮ್ ಅಳತೆ ಬಂದ ಮೇಲೆ ಗಾತ್ರದ ಮೂಲ ಬಾಡಿಯಿಂದ ಎಚ್‌ಟಿಎಂಎಲ್ ಅಂಶಕ್ಕೆ ಏರಿತು, ಏಕೆಂದರೆ ರೆಮ್ ಲೆಕ್ಕ ಹಾಕುವುದು ಅದರ ಅಕ್ಷರ ಗಾತ್ರವನ್ನು ನೋಡಿಯೇ. ಅಲ್ಲಿ ಪಿಕ್ಸೆಲ್ ಬರೆದರೆ ಓದುಗರು ಬ್ರೌಸರ್‌ನಲ್ಲಿ ಆರಿಸಿಕೊಂಡ ದೊಡ್ಡ ಅಕ್ಷರಕ್ಕೆ ಬೆಲೆಯಿಲ್ಲ, ಪ್ರತಿಶತವೇ ಲೇಸು. ಬೆಲೆಗೆ ಹೆಸರಿಟ್ಟು ಮತ್ತೆ ಮತ್ತೆ ಬಳಸುವ ವೇರಿಯಬಲ್‌ಗಳು ರೂಟ್ ಸೆಲೆಕ್ಟರಿನಲ್ಲಿ (ನಿಯಮ ಯಾವ ಅಂಶಕ್ಕೆಂದು ಹೇಳುವ ಭಾಗ) ನೆಲೆಸಿದವು. ರೂಟ್ ಎಂದರೂ ಎಚ್‌ಟಿಎಂಎಲ್ ಎಂದರೂ ಇಲ್ಲಿ ಅಂಶ ಒಂದೇ, ಆದರೆ ರೂಟ್‌ಗೆ ಹೆಚ್ಚು, ಅಂದರೆ ಕ್ಲಾಸಿನಷ್ಟು (ಅಂಶಗಳ ಗುಂಪಿಗೆ ನಾವೇ ಇಡುವ ಹೆಸರು) ತೂಕವಿದೆ. ಎರಡನ್ನೂ ಬೆರೆಸಿ ಬರೆದವರು ತಮ್ಮ ನಿಯಮ ಏಕೆ ಕೆಲಸ ಮಾಡುತ್ತಿಲ್ಲವೆಂದು ತಲೆ ಕೆರೆದುಕೊಳ್ಳುವುದು ಇಲ್ಲೇ.

2022ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆಲ್ಲ ಬಂದ, ನಿಯಮಗಳನ್ನು ಪದರಗಳಾಗಿ ಜೋಡಿಸುವ ಲೇಯರ್ ಸೌಲಭ್ಯ ಈ ತೂಕದ ಜಗಳವನ್ನು ಬಹುಪಾಲು ತಣಿಸಿದೆ. ಮೂಲ ಶೈಲಿಯನ್ನು ಒಂದು ಲೇಯರಿನೊಳಗಿಟ್ಟರೆ ಹೊರಗಿನ ಸಾಧಾರಣ ನಿಯಮ ಎಷ್ಟೇ ಹಗುರವಾಗಿದ್ದರೂ ಗೆಲ್ಲುತ್ತದೆ. ಇಷ್ಟಾದರೂ ಬಟನ್, ಇನ್‌ಪುಟ್‌ಗಳು ಬಾಡಿಯ ಫಾಂಟನ್ನು ಕೇಳುವುದಿಲ್ಲ. ಬ್ರೌಸರ್ ಅವುಗಳಿಗೆ ತನ್ನದೇ ಫಾಂಟ್ ಹಚ್ಚಿರುತ್ತದೆ. ಅಲ್ಲಿ ಇನ್ಹೆರಿಟ್ (ತಾಯಿಯದ್ದನ್ನೇ ಪಡೆ) ಎಂದು ಬೇರೆಯಾಗಿಯೇ ಬರೆಯಬೇಕು.